ಮೊದಲು ಆಡುವವನ ಎರಡನೇ ಏಟು

ಮನೂರಿನ ಅಂಬರೀಶನ ಬಲಗೈ ಮುರಿದವನು ನನ್ನ ಅಣ್ಣ ಲಿಂಗರಾಜ. ರಾಯಿಕೋಡ್ ದಾರಿಯಲ್ಲಿ ನನ್ನನ್ನೂ ಅವನನ್ನೂ ಒಂದೇ ಬೈಕಿನ ಮೇಲೆ ಕಂಡಿದ್ದ, ಅಷ್ಟಕ್ಕೇ. ಮೊದಲ ಏಟಿಗೆ ಅಂಬರೀಶ ಬಿದ್ದ. ಬಿದ್ದವನಿಗೆ ಇನ್ನೊಂದು ಕೊಟ್ಟ. ಅದು ಅಣ್ಣನ ಚಾಳಿ.

ಹನ್ನೆರಡು ದಿನ ಕಳೆದಿರಲಿಲ್ಲ, ಆ ಪುಣ್ಯಾತ್ಮ ಪ್ಲಾಸ್ಟರ್ ಕೈ ಹೊತ್ತುಕೊಂಡು ನಾರಾಯಣಖೇಡಿನ ನಮ್ಮ ದಾಲ್ ಮಿಲ್ಲಿಗೇ ಬಂದ. ಮಾರ್ಕೆಟ್ ರಜೆಯ ಮಧ್ಯಾಹ್ನ. ಅಣ್ಣ ಗೆಳೆಯರ ಜೊತೆ ಗೋದಾಮಿನಲ್ಲಿ ಪೋಕರ್ ಆಡುತ್ತಿದ್ದ. ನಮ್ಮಲ್ಲಿ ಪಣಕ್ಕೆ ತೊಗರಿಕಾಳು.

"ಸ್ವರೂಪಾನ್ನ ಕೇಳಾಕ ಬಂದೀನ್ರಿ" ಎಂದ.

ಅಣ್ಣ ನಕ್ಕ. "ಕುರಿ ಕಾಯೋರ ಮನ್ಯಾಗಿಂದ ಬಂದು ನನ್ನ ತಂಗೀನ ಕೇಳ್ತಿ? ಕೂಡು. ಒಂದೇ ಆಟ. ಗೆದ್ರ ಮಾತಾಡಮು. ಸೋತ್ರ ಈ ಕಡಿ ಕಾಲಿಟ್ರ ಆ ಕಾಲು ಇರಂಗಿಲ್ಲ."

"ಎಲಿ ಹಿಡ್ಯಾಕ ಕೈ ಇಲ್ಲಲ್ರಿ."

"ನಾ ಹಿಡೀತೀನಿ" ಎಂದು ನಾನು ಹೋಗಿ ಅವನ ಪಕ್ಕ ಕೂತೆ.

ಭುಜಕ್ಕೆ ಭುಜ ತಾಗಿತು. ಅವನು ಓರೆಗಣ್ಣಿನಿಂದ ನೋಡಿದ. ಅಂಥ ಹೊತ್ತಿನಲ್ಲೂ ಕಳ್ಳನ ತುಟಿಯಲ್ಲಿ ನಗು.

"ನೋಡೂದು ಎಲಿನೋ, ನನ್ನೋ?" ಪಿಸುಗುಟ್ಟಿದೆ.

"ಎಲಿ ಅಷ್ಟು ಛಲೋ ಇಲ್ಲ."

ನಿಜ. ಒಬ್ಬೊಬ್ಬರಿಗೆ ಎರಡೇ ಎಲೆ, ನಮಗೆ ಬಂದದ್ದು ಒಂದು ರಾಣಿ, ಒಂದು ಗುಲಾಮ. ಎಲ್ಲರಿಗಿಂತ ಮೊದಲು ಆಡಬೇಕಾದ ಅಣ್ಣ ಒಂದು ಮುಷ್ಟಿ ತೊಗರಿ ಸುರಿದ. ಉಳಿದವರು ಎಲೆ ಎಸೆದು ಆಟ ಬಿಟ್ಟರು. ನಾವೂ ಒಂದು ಮುಷ್ಟಿ ಹಾಕಿದೆವು. ಚಾಪೆಯ ಮೇಲೆ ಎಲ್ಲರಿಗೂ ಸೇರಿದ ಮೂರು ಎಲೆ ತೆರೆದರು: ಐದು, ಆರು, ಏಳು. ಅಣ್ಣ ಅವುಗಳನ್ನು ಸರಿಯಾಗಿ ನೋಡಲೂ ಇಲ್ಲ, ಮತ್ತೆ ಎರಡು ಮುಷ್ಟಿ ಸುರಿದ.

"ಬಿಟ್ಬಿಡಮು" ಎಂದ ಅಂಬರೀಶ ನನ್ನ ಕಿವಿಯಲ್ಲಿ.

ಮೊದಲು ಆಡುವವನೇ ಏರಿಸಿದರೆ ಅವನ ಕೈಯಲ್ಲಿ ದೊಡ್ಡ ಎಲೆ ಇದೆಯೆಂದು ಎಲ್ಲರೂ ಹೆದರುತ್ತಾರೆ. ಇದ್ದೇ ಇತ್ತು, ನನಗೂ ಗೊತ್ತು. ಆದರೆ ದೊಡ್ಡ ಎಲೆಯವನಿಗೆ ಐದು, ಆರು, ಏಳು ಕಟ್ಟಿಕೊಂಡು ಏನಾಗಬೇಕು? ಇದು ಅಣ್ಣನ ಎರಡನೇ ಏಟು. ಅದಕ್ಕೆ ತಿರುಗಿ ಹೊಡೆದವರು ಇದುವರೆಗೆ ಯಾರೂ ಇರಲಿಲ್ಲ.

ನಮ್ಮ ಮುಂದಿದ್ದ ತೊಗರಿಯನ್ನೆಲ್ಲ ನಡುವೆ ನೂಕಿದೆ. "ಇಷ್ಟೂ."

ಅಣ್ಣ ನನ್ನ ಮುಖವನ್ನೇ ನೋಡಿದ. ಹುಟ್ಟಿದಾಗಿನಿಂದ ಅವನಿಗೆ ಒಂದೂ ಸುಳ್ಳು ಹೇಳಿದವಳಲ್ಲ ನಾನು. ನಂಬಿದ. ತನ್ನ ಎಕ್ಕಾ, ರಾಜ ಎರಡನ್ನೂ ಚಾಪೆಗೆ ಬಡಿದು ಆಟ ಬಿಟ್ಟ. ಆಮೇಲೆ ನಮ್ಮ ಎಲೆ ಕಸಿದು ತಿರುವಿ ನೋಡಿದ: ಬರೀ ರಾಣಿ, ಗುಲಾಮ.

ಮೂಟೆ ಎಳೆಯುವ ಕೊಕ್ಕೆ ಅವನ ಕೈಗೆ ಯಾವಾಗ ಬಂತೋ. ನೇರ ನನ್ನ ಮುಖಕ್ಕೇ ಬೀಸಿದ. ಅಂಬರೀಶ ಮುರಿದ ಕೈಯನ್ನೇ ಅಡ್ಡ ತಂದ. ಕೊಕ್ಕೆ ಪ್ಲಾಸ್ಟರ್ ಸೀಳಿ ಮಾಂಸಕ್ಕೆ ಇಳಿಯಿತು. ರಕ್ತ ನನ್ನ ಮಡಿಲಿಗೆ ಸುರಿಯಿತು. ಅಣ್ಣ ಕೊಕ್ಕೆ ಕಿತ್ತು ಮತ್ತೆ ಎತ್ತಿದ.

ಪಕ್ಕದಲ್ಲಿದ್ದ ಐದು ಕಿಲೋ ತೂಕದ ಕಲ್ಲಿನಿಂದ ಅವನ ಮಣಿಕಟ್ಟಿಗೆ ಹೊಡೆದೆ. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಒಡಹುಟ್ಟಿದವನು, ನನಗೆ ಅಳು ಬಂತು. ಆದರೂ ಕಲ್ಲು ಕೆಳಗಿಡಲಿಲ್ಲ.

"ನನಗೇ ಮೋಸ ಮಾಡ್ದಿ" ಎಂದ ಅಣ್ಣ, ನೆಲದ ಮೇಲಿಂದ.

"ಹೂಂ ಅಣ್ಣಾ. ಇವ ಅಂದ್ರ ನನಗ ಜೀವ. ನಿನ್ನ ಕೇಳೇ ಕರಕೊಂಡು ಹೋಗ್ಬೇಕಂತ ಬಂದಿದ್ದ. ನಾ ಕೇಳಂಗಿಲ್ಲ."

ಗಾಯಕ್ಕೆ ನನ್ನ ದುಪಟ್ಟಾ ಬಿಗಿದು ಅಂಬರೀಶನನ್ನು ಎಬ್ಬಿಸಿದೆ. ಗೇಟು ದಾಟಿ ಆಟೋ ನಿಲ್ಲಿಸುವಾಗ ಕೇಳಿದ, "ಸೋತಿದ್ರ ಏನ್ ಮಾಡ್ತಿದ್ದಿ?"

"ಇದೇ. ನಿನ್ನ ಜೋಡಿ ಆಟೋ ಹತ್ತತಿದ್ದೆ."