ತಾಮ್ರದ ತಂತಿ ಸುತ್ತಿದ ಶಿಲುಬೆ

ಜೋಗುಪಾಳ್ಯದ ವಠಾರದ ಮಾಲೀಕ ದೊಡ್ಡಮುನಿಯಪ್ಪ, ಬಾಡಿಗೆದಾರ ಇನ್ನಾಸಿ ಕೆಲಸಕ್ಕೆ ಹೋಗಿದ್ದಾಗ ಅವನ ಕೋಣೆಯ ಬೀಗ ತೆಗೆದು, ಗೋಡೆಯ ಮೇಲಿದ್ದ ಶಿಲುಬೆಯನ್ನು ಕಿತ್ತು ಮೋರಿಯ ಪಕ್ಕ ಎಸೆದ. ಮತ್ತೆ ಬೀಗ ಹಾಕಿ, ಮನೆಗೆ ಹೋಗಿ ಊಟ ಮಾಡಿದ.

ಅದು ತೊಂಬತ್ತೆಂಟರ ಬೇಸಿಗೆ.

ಇನ್ನಾಸಿ ವಿಮಾನಪುರದ ಒಂದು ಕ್ಯಾಂಟೀನಿನಲ್ಲಿ ಅಡುಗೆಯವನು. ಸಂಜೆ ಬಂದು ಖಾಲಿ ಮೊಳೆ ನೋಡಿದವನೇ ಹೊರಗೆ ಓಡಿದ. ಮೋರಿಯ ಹತ್ತಿರ ಪಕ್ಕದ ಕೋಣೆಯ ಹುಡುಗಿ ಬಗ್ಗಿ ಏನನ್ನೋ ಎತ್ತುತ್ತಿದ್ದಳು.

"ಏಯ್, ಮುಟ್ಬೇಡಿ!"

ಅವಳ ಕೈ ಅಲ್ಲೇ ನಿಂತಿತು.

ಮುಟ್ಬೇಡಿ... ಈ ಮಾತು ಸಾಬಮ್ಮನಿಗೆ ಹೊಸದಲ್ಲ. ಯಾದಗಿರಿ ಕಡೆಯ ಅವಳ ಊರಿನಲ್ಲಿ ಬಾವಿ, ಗುಡಿ, ಗೌಡರ ಕಟ್ಟೆ ಎಲ್ಲವೂ ಇದೇ ಮಾತನ್ನು ಆಡುತ್ತಿದ್ದವು. ಬೆಂಗಳೂರಿನಲ್ಲೂ ಬಂತಾ?

"ಮುಟ್ಟಿದ್ರ ಏನಾಗ್ತದ್ರಿ? ನಿಮ್ಮ ದೇವ್ರು ಮೈಲಿಗಿ ಆಗ್ತಾನೇನು?" ಸೆಟೆದು ನಿಂತು ಕೇಳಿದಳು.

ಇನ್ನಾಸಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ಅದಕ್ಕಲ್ಲ ರೀ... ಅಲ್ಲಿ ಬಾಟ್ಲಿ ಒಡೆದು ಬಿದ್ದಿದೆ. ಗಾಜು! ಕೈ ಕುಯ್ದುಬಿಡುತ್ತೆ ಅಂತ..."

ಸಾಬಮ್ಮ ಕೆಳಗೆ ನೋಡಿದಳು. ಗಾಜು ಹೊಳೆಯುತ್ತಿತ್ತು. ಅದರ ನಡುವೆ ಶಿಲುಬೆ. ಅಡ್ಡಮರದ ಒಂದು ತುದಿ ಮುರಿದು, ಯೇಸುವಿನ ಒಂದು ಕೈ ಆಸರೆಯಿಲ್ಲದೆ ಚಾಚಿಕೊಂಡಿತ್ತು.

ಅವಳು ಗಾಜಿಗೆ ಹೆದರದೆ ಶಿಲುಬೆಯನ್ನೂ ಮುರಿದ ತುಂಡನ್ನೂ ಎತ್ತಿಕೊಂಡಳು. ನಲ್ಲಿಯ ಕೆಳಗೆ ಹಿಡಿದು ತೊಳೆದು, ಸೆರಗಿನಿಂದ ಒರೆಸಿದಳು.

"ನಮ್ಮಮ್ಮಂದು," ಇನ್ನಾಸಿಯ ದನಿ ಒಡೆಯಿತು. "ಅವರು ಹೋದಾಗ ಇದನ್ನೇ ಕೈಯಲ್ಲಿಟ್ಟಿದ್ವಿ. ಪೆಟ್ಟಿಗೆ ಮುಚ್ಚೋಕೆ ಮುಂಚೆ ತೆಗೆದು ಮನೆಗೆ ತಂದೆ."

"ಯಾರು ಎಸೆದದ್ದು?"

"ನಂಗೊತ್ತಿಲ್ಲ" ಎಂದ. ಆದರೆ ಇಬ್ಬರ ಕಣ್ಣೂ ಮಾಲೀಕರ ಮನೆಯ ಬಾಗಿಲಿಗೆ ಹೋಗಿ ಬಂದವು. 'ನಮ್ಮ ದೇವರ ಕೋಣೆಗೆ ಎದುರಾಗಿ ಅದನ್ನ ಹಾಕ್ಬೇಡ' ಎಂದು ದೊಡ್ಡಮುನಿಯಪ್ಪ ಎರಡು ಸಲ ಹೇಳಿದ್ದು ವಠಾರಕ್ಕೆಲ್ಲ ಗೊತ್ತಿತ್ತು. ಬಾಡಿಗೆ ಕಟ್ಟುವವರಿಗೆ ನಾಲ್ಕು ಗೋಡೆ ಕೊಡುತ್ತಾರೆ. ಒಂದು ಮೊಳೆಯ ಹಕ್ಕು ಕೊಡುವುದಿಲ್ಲ.

"ನನ್ನ ಕಡಿ ಇರ್ಲಿ. ನಾಳಿಗಿ ಕೊಡ್ತೀನ್ರಿ."

ಸಾಬಮ್ಮ ಶಿವಾಜಿನಗರದಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಮರುದಿನ ಕೆಲಸ ಮುಗಿದ ಮೇಲೆ ಮುರಿದ ತುಂಡನ್ನು ಗೋಂದಿನಿಂದ ಕೂರಿಸಿ, ಅದರ ಮೇಲೆ ತಾಮ್ರದ ತಂತಿ ಸುತ್ತಿದಳು. ಸುತ್ತುಗಳು ಒಂದಕ್ಕೊಂದು ತಾಗಿದಂತೆ, ಎಲ್ಲೂ ಸಡಿಲವಿಲ್ಲದಂತೆ.

ಇನ್ನಾಸಿ ಅದನ್ನು ಅಂಗೈಯಲ್ಲಿಟ್ಟುಕೊಂಡು ತಂತಿಯ ಮೇಲೆ ಬೆರಳಾಡಿಸಿದ.

"ಬಳೆ ಹಾಕ್ದಂಗಿದೆ," ಎಂದು ನಕ್ಕ.

ಆ ನಗು... ಸಾಬಮ್ಮ ರಾತ್ರಿಯೆಲ್ಲ ಆ ನಗುವನ್ನೇ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

ಅಂದಿನಿಂದ ಕ್ಯಾಂಟೀನಿನ ಮದ್ದೂರು ವಡೆ ಪೇಪರಿನಲ್ಲಿ ಮಡಿಚಿಕೊಂಡು ಅವಳ ಬಾಗಿಲಿಗೆ ಬರತೊಡಗಿತು. "ಅವ್ವನಿಗೆ" ಎನ್ನುತ್ತಿದ್ದ ಇನ್ನಾಸಿ. ಅವ್ವ ಅಯ್ಯಮ್ಮ ಹಲ್ಲಿಲ್ಲದ ಬಾಯಲ್ಲಿ ನಗುತ್ತಿದ್ದಳು. "ನನಗ ಹಲ್ಲಿಲ್ಲಂತ ಗೊತ್ತಿದ್ದೂ ಗಟ್ಟಿ ವಡಿ ತರ್ತಾನ. ಯಾರಿಗಂತ ಗೊತ್ತಿಲ್ಲೇನು ನನಗ!"

ಸಾಬಮ್ಮ ನಾಚಿದಳು. ಆದರೆ ಆ ಸುಖ ಹೆಚ್ಚು ದಿನ ಉಳಿಯಲಿಲ್ಲ.

ಒಂದು ದಿನ ಅಂಗಡಿಯ ಊಟದ ಬಿಡುವಿನಲ್ಲಿ ಜೊತೆ ಕೆಲಸದ ಆಬಿದಾಳೊಂದಿಗೆ ಚರ್ಚಿನ ಬೀದಿಗೆ ಬಂದಿದ್ದಳು. ಮೇಣದಬತ್ತಿ, ಜಪಸರ, ಶಿಲುಬೆ ಮಾರುವ ಅಂಗಡಿಗಳ ಸಾಲು. ಅಲ್ಲಿ ಇನ್ನಾಸಿ ನಿಂತಿದ್ದ! ಪಕ್ಕದಲ್ಲಿ ಜಪಮಾಲೆ ಎಂಬ ಹೆಸರಿನ ಅವನ ಸೋದರತ್ತೆ. ಇನ್ನೊಂದು ಪಕ್ಕ ನೀಲಿ ಚೂಡಿದಾರ್ ತೊಟ್ಟ ಚೆಲುವೆ.

ಆ ಚೆಲುವೆ ಒಂದೊಂದೇ ಶಿಲುಬೆ ಎತ್ತಿ ನೋಡುತ್ತಿದ್ದಳು. ಮರದ್ದು ಬೇಡ ಎಂದಳು. ಪ್ಲಾಸ್ಟಿಕ್ಕಿನದು ಬೇಡವೇ ಬೇಡ ಎಂದಳು. ಹಿತ್ತಾಳೆಯ ದೊಡ್ಡ ಶಿಲುಬೆಯೊಂದನ್ನು ಇನ್ನಾಸಿಯ ಎದೆಗೆ ಒರಗಿಸಿ, ಕತ್ತು ವಾರೆ ಮಾಡಿ ಅಂದ ನೋಡಿದಳು.

ಅವನ ಎದೆಗೆ!

"ಯಾರೇ ಆಕಿ?" ಸಾಬಮ್ಮ ಆಬಿದಾಳ ತೋಳು ಹಿಡಿದು ಕೇಳಿದಳು.

"ಲೂರ್ದು ಅಂತ. ನಮ್ಮ ಗಲ್ಲಿ ಹಿಂದೇನೇ ಮನೆ," ಎಂದಳು ಆಬಿದಾ. "ಅರೇ, ತಿಳೀಲಿಲ್ವಾ? ಮದುವೆ ಆಗೋ ಮುಂಚೆ ಹೊಸ ಮನೆಗೆ ಶಿಲುಬೆ ಆರಿಸ್ತಾರೆ ಅವರು. ಆಯ್ತು ಬಿಡು, ನಿನ್ನ ವಡೆ ಬಂದ್!"

ಅಂದು ಮಧ್ಯಾಹ್ನ ಸಾಬಮ್ಮ ಸುತ್ತಿನ ಲೆಕ್ಕ ತಪ್ಪಿದಳು. ಬಿಚ್ಚಿ ಸುತ್ತಿದಳು, ಮತ್ತೆ ತಪ್ಪಿದಳು. 'ಆಕಿಗೆ ಹಿತ್ತಾಳಿ ಬೇಕು. ನಂದು ಬರೇ ತಂತಿ... ನಾ ಗಾಜಿನಾಗ ಕೈ ಹಾಕಿದೆ. ಆಕಿ ಅಂಗಡ್ಯಾಗ ಕೈ ಹಾಕಿದ್ಲು. ಗೆದ್ದದ್ದು ಯಾರು?'

ಸಂಜೆ ಇನ್ನಾಸಿಯ ಬಾಗಿಲು ತೆರೆದಿತ್ತು. ಕಪಾಟಿನಲ್ಲಿ ಹಿತ್ತಾಳೆಯ ಶಿಲುಬೆ ಥಳಥಳ ಹೊಳೆಯುತ್ತಿತ್ತು. ತಾನು ಕಟ್ಟಿಕೊಟ್ಟದ್ದು ಎಲ್ಲೂ ಕಾಣಲಿಲ್ಲ. ಒಳಗೆ ಜಪಮಾಲೆ ಅತ್ತೆ ಹೇಳುತ್ತಿದ್ದಳು: "ಫಾದರ್ ಮಂತ್ರಿಸಿದ್ದು ಮುರಿದ್ರೆ ಮನೇಲಿ ಇಡಬಾರದು ಕಣಪ್ಪಾ. ಎಸೆಯೋ ಹಾಗೂ ಇಲ್ಲ. ಮಣ್ಣಲ್ಲಿ ಹೂಳಬೇಕು."

ಹೂಳಬೇಕು!

ದೇವರೇ ಆಗಲಿ, ಮುರಿದರೆ ಮಣ್ಣಿಗೆ. ಹಾಗಾದರೆ ಕಟ್ಟಿದವಳ ಗತಿ?

ಮರುದಿನ ನಲ್ಲಿಯ ಹತ್ತಿರ ಇನ್ನಾಸಿ ನಗುತ್ತಾ ಬಂದ. ಸಾಬಮ್ಮ ಕೊಡವನ್ನು ದಢ್ ಎಂದು ಇಟ್ಟಳು.

"ಎಲ್ಲದ ರೀ ಅದು?"

"ಚರ್ಚಿಗೆ ಕೊಟ್ಟಿದ್ದೀನಿ, ಯಾಕೆಂದ್ರೆ..."

"ಗೊತ್ತದ! ಹೂಳ್ಳಿಕ್ಕಲ್ಲೇನು? ಹೂಳ್ರಿ. ಹಿತ್ತಾಳಿ ಬಂದ ಮ್ಯಾಲ ತಾಮ್ರ ಯಾರಿಗೆ ಬೇಕು? ಆ ನೀಲಿ ಅಂಗಿ ನಿಮ್ಮೆದಿಗೆ ಅಳತಿ ಹಿಡಿದದ್ದು ನೋಡೀನಿ ನಾನು. ಚೊಲೋ ಒಪ್ಪತದ!"

"ಸಾಬಮ್ಮಾ, ಒಂದ್ನಿಮಿಷ ಕೇಳಿ..."

"ನಿಮ್ಮ ವಡಿ ಇನ್ನ ಆಕಿಗೇ ಕೊಡ್ರಿ!"

ಕೊಡ ಅರ್ಧವೂ ತುಂಬಿರಲಿಲ್ಲ. ಎತ್ತಿಕೊಂಡು ಹೋಗಿಬಿಟ್ಟಳು. ಒಳಗೆ ಹೋದ ಮೇಲೆ ಎಲ್ಲಮ್ಮನ ಪಟದ ಮುಂದೆ ಅತ್ತಳು. ಅಳುವಿಗಿಂತ ಹೊಟ್ಟೆಕಿಚ್ಚೇ ಹೆಚ್ಚು ಸುಡುತ್ತಿತ್ತು. ಅದನ್ನು ಯಾವ ದೇವರ ಮುಂದೆ ಹೇಳುವುದು?

ಕ್ರೈಸ್ತರು ಚರ್ಚಿನಿಂದ ಗರಿ ತರುವ ಗರಿಗಳ ಭಾನುವಾರ ಬಂತು. ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ಇನ್ನಾಸಿ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ತೆಂಗಿನ ಗರಿ. ಗರಿಯ ಜೊತೆಗೆ...

ತಾಮ್ರದ ಬಳೆ ತೊಟ್ಟ ಶಿಲುಬೆ!

ಸಾಬಮ್ಮ ಹೊಸ್ತಿಲಿಗೆ ಬಂದಳು. "ಹೂಳಲಿಲ್ಲಾ?"

"ರಿಪೇರಿ ಆದ್ಮೇಲೆ ಮತ್ತೆ ಮಂತ್ರಿಸಿಕೊಡಿ ಅಂತ ಫಾದರ್ ಹತ್ರ ಬಿಟ್ಟಿದ್ದೆ. ಹೇಳೋಕೆ ನೀವು ಬಿಟ್ರಾ? ತಂತಿ ತೆಗೆಸಿ ಹೊಸ ಮರ ಹಾಕ್ಸೋಣ ಅಂದ್ರು ಅವ್ರು. ತೆಗೀಬೇಡಿ ಫಾದರ್, ಅದಿಲ್ದೆ ಇದು ನಮ್ಮನೇದಲ್ಲ ಅಂದೆ."

"ಮತ್ತ ಆ ಹಿತ್ತಾಳಿ? ಆಕಿ?"

"ಅತ್ತೆ ಆರಿಸಿದ ಹುಡುಗಿ, ಹುಡುಗಿ ಆರಿಸಿದ ಶಿಲುಬೆ. ನಾನು ಯಾವುದನ್ನೂ ಆರಿಸಲಿಲ್ಲ ಸಾಬಮ್ಮಾ. ಇವತ್ತು ಬೆಳಿಗ್ಗೆ ಅದನ್ನ ವಾಪಸ್ ಕೊಟ್ಟು ಲೂರ್ದುಗೆ ಎಲ್ಲಾ ಹೇಳ್ದೆ. 'ಮೊದ್ಲೇ ಬಾಯಿ ಬಿಟ್ಟಿದ್ರೆ ಬಿಸಿಲಲ್ಲಿ ಅಂಗಡಿ ಅಂಗಡಿ ಅಲೀತಿರ್ಲಿಲ್ಲ' ಅಂತ ಚೆನ್ನಾಗಿ ಬೈದ್ಲು."

ಸಾಬಮ್ಮನಿಗೆ ನಗುವೂ ಬಂತು, ಕಣ್ಣೀರೂ ಬಂತು. ಇಷ್ಟು ದಿನ ಶಪಿಸಿದ ಆ ನೀಲಿ ಚೂಡಿದಾರದ ಮೇಲೆ ಮೊದಲ ಬಾರಿ ಅಕ್ಕರೆ ಹುಟ್ಟಿತು.

ಇನ್ನಾಸಿ ಸುತ್ತಿಗೆಯನ್ನು ತಿರುಗಿಸುತ್ತಾ ತಲೆ ತಗ್ಗಿಸಿದ. "ಮೊಳೆ ಎಲ್ಲಿ ಹೊಡೀಲಿ ಅಂತ ಕೇಳೋಕೆ ಬಂದೆ."

"ನಿಮ್ಮ ಕ್ವಾಣ್ಯಾಗ ಹೊಡಿರಿ. ನನಗ್ಯಾಕ ಕೇಳ್ತೀರಿ?"

"ಮದುವೆ ಆದ್ಮೇಲೆ ಎರಡು ಕೋಣೆ ಯಾಕೆ?" ಅವನು ಒಳಗಿನ ಪಟದ ಕಡೆ ನೋಡಿದ. "ನಿಮ್ಮ ಎಲ್ಲಮ್ಮನ ಪಕ್ಕ... ಸ್ವಲ್ಪ ಜಾಗ ಕೊಡ್ತಾಳಾ?"

ಮೂಲೆಯಿಂದ ಅಯ್ಯಮ್ಮ ಕೂಗಿದಳು: "ಸರ್ಕೊಂತಾಳ ಬಿಡಪಾ! ನಮ್ಮೆಲ್ಲಮ್ಮ ಇಕ್ಕಟ್ಟಿನ್ಯಾಗ ಬಾಳ್ವಿ ಮಾಡಿದಾಕಿ!"

ಸಾಬಮ್ಮ ಶಿಲುಬೆ ಹಿಡಿದಳು. ಇನ್ನಾಸಿ ಮೊಳೆ ಹೊಡೆದ. ಗರಿಯನ್ನು ಅದರ ಹಿಂದೆ ಸಿಕ್ಕಿಸುವಾಗ ಇಬ್ಬರ ಬೆರಳೂ ತಾಗಿದವು. ಈ ಸಲ ಯಾರೂ ಮುಟ್ಟಬೇಡಿ ಎನ್ನಲಿಲ್ಲ.

ಸುತ್ತಿಗೆಯ ಸದ್ದಿಗೆ ದೊಡ್ಡಮುನಿಯಪ್ಪ ಬಾಗಿಲಿಗೆ ಬಂದು ನಿಂತಿದ್ದ.

"ಏನಮ್ಮಾ ಇದು? ಅಲ್ಲಿ ತೆಗೆಸಿದ್ದು ಇಲ್ಲಿಗೆ ಬಂತಾ? ಅವನು ಬಿಡು, ಬೇರೆಯವನು. ನೀನು ನಮ್ಮೋಳು. ಇಳಿಸು ಅದನ್ನ."

ಸಾಬಮ್ಮ ನಿಧಾನವಾಗಿ ತಿರುಗಿದಳು.

"ನಮ್ಮೋಳು? ನಿಮ್ಮ ದೇವರ ಕ್ವಾಣಿ ಹೊಸ್ತಿಲಾ ನನಗ ಒಂದಿನಾರ ದಾಟಗೊಟ್ಟೀರೇನ್ರಿ? ಹಬ್ಬದಾಗ ಪ್ರಸಾದ ಕೊಟ್ರಿ, ಮ್ಯಾಲಿಂದ ಕೈಯಾಗ ಹಾಕಿದ್ರಿ. ಇದನ್ನ ಇಳಸ್ಲಿಕ್ಕ ಮಾತ್ರ ನಾ ನಿಮ್ಮಾಕಿ ಆದ್ನೇನು?"

ದೊಡ್ಡಮುನಿಯಪ್ಪನ ಮುಖ ಕೆಂಪಾಯಿತು. "ಮನೆ ನಂದು! ಇಳಿಸ್ತೀಯೋ, ಸಾಮಾನು ಕಟ್ತೀಯೋ?"

ಇನ್ನಾಸಿ ಅವಳ ಕಿವಿಯ ಬಳಿ ಪಿಸುಗುಟ್ಟಿದ. "ಮನೆ ಹೋಗುತ್ತೆ ಸಾಬಮ್ಮಾ... ಯೋಚ್ನೆ ಮಾಡು."

ಅವನು ಮೊದಲ ಸಲ 'ಮಾಡು' ಎಂದಿದ್ದ. ಅವಳಿಗೆ ಅಷ್ಟು ಸಾಕಾಗಿತ್ತು.

"ಇನ್ನೊಂದು ಏಟು ಹೊಡಿ," ಎಂದಳು ಅವನಿಗೆ, ತಾನೂ ಮೊದಲ ಸಲ. "ಮೊಳಿ ಸ್ವಲ್ಪ ಸಡ್ಲ ಅದ."

ಆಮೇಲೆ ಮಾಲೀಕನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು:

"ಇಳಸಂಗಿಲ್ಲ."