ದೊಡ್ಡಪ್ಪನ ಕ್ಲಚ್

ಏರಿನ ನಟ್ಟನಡುವೆ ಒಂದು ಹಳೇ ಲಾರಿ ನಿಂತುಬಿಟ್ಟಿತ್ತು. ಅದರ ಹಿಂದೆ ಅವಳ ಬಸ್ಸು.

ಬೆಳಗಿನ ಹೊತ್ತು. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಅವಳು ಒಮ್ಮೆ ಹಾರ್ನ್ ಹೊಡೆದಳು. ಇನ್ನೊಮ್ಮೆ ಹೊಡೆದಳು. ಲಾರಿ ಮಿಸುಕಲಿಲ್ಲ. ಇಂಜಿನ್ ಮಾತ್ರ ಗುಡುಗುಡು ಅನ್ನುತ್ತಲೇ ಇತ್ತು.

"ಇದೇನು, ಮ್ಯೂಸಿಯಮ್ಮಿಂದ ತಪ್ಪಿಸ್ಕೊಂಡು ಬಂದಿದೆಯಾ?" ಅಂದ ಕಂಡಕ್ಟರ್.

ನೋಡಲು ಹಾಗೇ ಇತ್ತು. ಮುಂದಕ್ಕೆ ಚಾಚಿದ ಉದ್ದನೆಯ ಮೂತಿ, ಕಪ್ಪೆಗಣ್ಣಿನಂಥ ಎರಡು ದೀಪ, ಮೈತುಂಬ ಹೊಸದಾಗಿ ಬಳಿದ ಹಸಿರು ಬಣ್ಣ. ಈ ಥರದ ಲಾರಿಗಳು ರಸ್ತೆಯಿಂದ ಮಾಯವಾಗಿ ಅವಳ ಅರ್ಧ ವಯಸ್ಸು ಕಳೆದಿತ್ತು.

ಅವಳು ಹ್ಯಾಂಡ್‌ಬ್ರೇಕ್ ಎಳೆದು ಇಳಿದಳು. ಲಾರಿಯ ಹಿಂಚಕ್ರಕ್ಕೆ ಕಲ್ಲು ಕೊಡಲು ಕಂಡಕ್ಟರಿಗೆ ಹೇಳಿ, ಫುಟ್‌ಬೋರ್ಡ್ ಹತ್ತಿ ಬಾಗಿಲು ತೆಗೆದಳು.

ಒಳಗೆ ಕನ್ನಡಕ ಹಾಕಿದ, ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಮನುಷ್ಯ. ಹಣೆಯಲ್ಲಿ ಬೆವರು. ಎರಡೂ ಕೈಯಿಂದ ಎಡಗಾಲಿನ ಮೊಣಕಾಲನ್ನು ಅದುಮಿ ಹಿಡಿದುಕೊಂಡಿದ್ದ.

"ಏನ್ರೀ, ರಸ್ತೆ ನಿಮ್ಮನೆ ಅಂಗಳಾನಾ?"

"ಕ್ಷಮಿಸಿ ಮೇಡಂ... ಮೊಣಕಾಲು ಹಿಡ್ಕೊಂಡುಬಿಟ್ಟಿದೆ. ಕ್ಲಚ್ ತುಳಿಯೋಕಾಗ್ತಿಲ್ಲ."

"ಸರೀರಿ ಆ ಕಡೆ."

"ಇದು ಈಗಿನ ಗಾಡಿಗಳ ಥರ ಅಲ್ಲ. ಗೇರ್ ಸುಮ್ಮನೆ ಬೀಳಲ್ಲ, ಎರಡು ಸಲ..."

"ಎರಡು ಸಲ ಕ್ಲಚ್ ತುಳೀಬೇಕು, ನಡುವೆ ಆಕ್ಸಿಲರೇಟರ್ ಕೊಡಬೇಕು. ನಮ್ಮ ಸೋದರಮಾವ ಕಲ್ಲು ಹೊರೋ ಲಾರಿ ಓಡಿಸ್ತಿದ್ರು, ನಾನು ಕಲಿತಿದ್ದೇ ಅದರಲ್ಲಿ. ಸರೀತೀರಾ, ಇಲ್ಲ ಬಸ್ಸಲ್ಲಿರೋರನ್ನೆಲ್ಲ ನಿಮ್ಮನೆಗೆ ಊಟಕ್ಕೆ ಕರೀತೀರಾ?"

ಅವನು ಸರಿದ.

ಕ್ಲಚ್ಚಿನ ಮೇಲೆ ಕಾಲಿಟ್ಟಾಗ ಅವಳಿಗೂ ಒಂದು ಕ್ಷಣ ದಿಗಿಲಾಯಿತು. ಬಂಡೆ ತುಳಿದಂತಿತ್ತು. ಹಲ್ಲುಕಚ್ಚಿ ಅದುಮಿದಳು. ಗೇರ್ ಕಟಕ್ಕನೆ ಕೂತಿತು. ಲಾರಿ ಒಮ್ಮೆ ಮೈ ಕೊಡವಿ ಏರು ಹತ್ತಿತು.

ಮೇಲಿನ ಸಮತಟ್ಟಿನಲ್ಲಿ ನಿಲ್ಲಿಸಿ ಇಳಿದಳು.

"ಕಾಲು ಸರಿ ಇಲ್ಲದೆ ಇಂಥದ್ದನ್ನ ರಸ್ತೆಗೆ ತರಬೇಡಿ. ನಿಮ್ಮ ಪುಣ್ಯ, ಹಿಂದೆ ನಾನಿದ್ದೆ."

ಅವನು ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಅರ್ಧ ಇಳಿಜಾರು ದಾಟಿಯಾಗಿತ್ತು.

ಅವತ್ತಿಡೀ ಅವಳ ಅಂಗೈಯಲ್ಲಿ ಆ ದೊಡ್ಡ ಸ್ಟೇರಿಂಗಿನ ನಡುಕ ಉಳಿದುಕೊಂಡಿತ್ತು. 'ಇದೇನಪ್ಪ ಇದು, ಒಂದು ಹಳೇ ಲಾರಿಗೆ ಇಷ್ಟೊಂದು...' ಅಂದುಕೊಂಡಳು. ಲಾರಿಗೆ ಮಾತ್ರ ಅನ್ನುವುದರಲ್ಲಿ ಅವಳಿಗೆ ಆಗ ಯಾವ ಅನುಮಾನವೂ ಇರಲಿಲ್ಲ.

*

ಕೆಲವು ದಿನ ಬಿಟ್ಟು ಆ ಲಾರಿಯವನು ಅವಳ ಡಿಪೋ ಗೇಟಿನಲ್ಲಿ ನಿಂತಿದ್ದ.

ಅವನಿಗೆ ಪೇಟೆಯಲ್ಲಿ ಕನ್ನಡಕದ ಅಂಗಡಿ. ಹಳೇ ಲಾರಿ ಅವನ ಹುಚ್ಚು. ತುಕ್ಕು ಹಿಡಿದು ಮರಳಲ್ಲಿ ಹೂತುಹೋಗಿದ್ದ ಲಾರಿಯನ್ನು ತಂದು, ಶಾಲೆಯ ಕಾಲದ ಗೆಳೆಯನೊಬ್ಬನ ಜೊತೆ ಸೇರಿ ವರ್ಷಗಟ್ಟಲೆ ಕೂತು ಎಬ್ಬಿಸಿದ್ದ. ಗೆಳೆಯನದು ವೆಲ್ಡಿಂಗ್ ಕೆಲಸ. ಒಂದೊಂದು ಬೋಲ್ಟೂ ಅದೇ ಕಾಲದ್ದು, ಅದೇ ಅಳತೆಯದು. ಅಷ್ಟರಲ್ಲಿ ಬೈಕಿನಿಂದ ಬಿದ್ದು ಮೊಣಕಾಲು ಹೋಯಿತು. ಲಾರಿ ಎದ್ದಿತು, ಇವನು ಕೂತ.

"ಭಾನುವಾರ ಸ್ವಲ್ಪ ಹೊತ್ತು ಬಂದು ಓಡಿಸ್ಕೊಡ್ತೀರಾ? ನಿಲ್ಲಿಸಿಟ್ರೆ ಹಾಳಾಗುತ್ತೆ. ನನ್ನ ಗೆಳೆಯ ವೆಲ್ಡರಿಗೆ ಆಟೋ ಬಿಟ್ರೆ ಬೇರೇನೂ ಬರಲ್ಲ."

"ನನಗೆ ವಾರಕ್ಕೆ ಒಂದೇ ರಜ."

"ಗೊತ್ತು. ಅದಕ್ಕೇ ಕೇಳೋಕೆ ಇಷ್ಟು ದಿನ ಹಿಡೀತು."

ಆಗಲ್ಲ ಅನ್ನಬೇಕೆಂದೇ ಬಾಯಿ ತೆರೆದಳು. "ಎಷ್ಟು ಹೊತ್ತಿಗೆ?" ಅಂತ ಹೊರಬಿತ್ತು.

ಶೆಡ್ಡು ಅಂದರೆ ಹಳೇ ಮರದ ಗೋದಾಮು. ಗೋಡೆಯುದ್ದಕ್ಕೂ ಸ್ಪ್ಯಾನರುಗಳು ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ನೇತಾಡುತ್ತಿದ್ದವು. ಕನ್ನಡಕದವನ ಅಚ್ಚುಕಟ್ಟು ಅದು. ನೆಲದ ಮೇಲೆ ಚೆಲ್ಲಿದ್ದೆಲ್ಲ ವೆಲ್ಡರನದು.

"ಬನ್ನಿ ತಾಯಿ. ಇವರು ನಮ್ಮ ದೊಡ್ಡಪ್ಪ," ಅಂದ ವೆಲ್ಡರ್, ಲಾರಿಯ ಮೂತಿ ತಟ್ಟುತ್ತ. "ವಯಸ್ಸಾಗಿದೆ, ಹೊಟ್ಟೆ ದೊಡ್ಡದು, ಕೂತ್ರೆ ಏಳಲ್ಲ. ಇನ್ನೇನು ಹೆಸರಿಡೋದು ಹೇಳಿ."

ಮೊದಲು ಬರೀ ಓಡಿಸಲು ಹೋಗುತ್ತಿದ್ದಳು. ಆಮೇಲೆ ಗ್ರೀಸ್ ಹಚ್ಚಲು, ಬ್ರೇಕ್ ಬಿಗಿ ಮಾಡಲು, ಹಿತ್ತಾಳೆ ಉಜ್ಜಲು. ಓಡಿಸುವಾಗ ಅವನು ಪಕ್ಕದಲ್ಲಿ ಕೂತು ಇಂಜಿನ್ನಿಗೆ ಕಿವಿಗೊಡುತ್ತಿದ್ದ. ಮಾತು ಕಡಿಮೆ. ಆ ಸದ್ದಿನಲ್ಲಿ ಕೂಗಿದರೂ ಅರ್ಧ ಕೇಳುತ್ತಿರಲಿಲ್ಲ. ಅವಳಿಗೆ ಅದೇ ಹಿತವಾಗಿತ್ತು.

ಅವಳು ಇದ್ದದ್ದು ಅಕ್ಕ ಭಾವನ ಮನೆಯಲ್ಲಿ.

"ಭಾನುವಾರದ ಡ್ಯೂಟಿಗೆ ತಲೆ ಬಾಚ್ಕೊಂಡು ಹೋಗ್ತಿದ್ದೀಯ," ಅಂದಳು ಅಕ್ಕ ಒಂದು ದಿನ.

"ಗಾಳಿಗೆ ಕೂದಲು ಕಣ್ಣಿಗೆ ಬರುತ್ತೆ."

"ಬಸ್ಸಲ್ಲಿ ಗಾಳಿ ಇಲ್ವಾ?"

ಭಾವ ಪೇಪರ್ ಮರೆಯಲ್ಲಿ ಕೆಮ್ಮಿದರು. ನಗುವನ್ನು ಕೆಮ್ಮು ಮಾಡುವುದು ಅವರಿಗೆ ಅಭ್ಯಾಸ.

*

ಒಂದು ಭಾನುವಾರ ಗುಡ್ಡದ ಮೇಲೆ ಲಾರಿ ನಿಲ್ಲಿಸಿ ಇಬ್ಬರೂ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ವೆಲ್ಡರ್ ಬಂದಿರಲಿಲ್ಲ.

ಅವತ್ತು ಅವಳು ತನ್ನ ಮದುವೆಯ ಕಥೆ ಹೇಳಿದಳು. ಅವನೇನೂ ಕೇಳಿರಲಿಲ್ಲ. ಯಾಕೆ ಹೇಳಿದಳೋ ಅವಳಿಗೂ ತಿಳಿಯಲಿಲ್ಲ.

"ಅತ್ತೆ ಹಾಸಿಗೆ ಹಿಡಿದಿದ್ರು. ಮದುವೆಯಾಗಿ ಹೋದ ದಿನದಿಂದ ಅವರನ್ನ ನೋಡ್ಕೊಂಡೆ. ಬೇಜಾರೇನಿರಲಿಲ್ಲ, ಒಳ್ಳೆಯವರು. ಅವರು ಹೋದ್ರು. ಸ್ವಲ್ಪ ದಿನಕ್ಕೆ ನನ್ನ ಗಂಡ ಹೇಳಿದ, ನಮ್ಮಿಬ್ಬರಿಗೂ ಹೊಂದಲ್ಲ ಅಂತ. ಅಷ್ಟು ವರ್ಷ ಹೊಂದಿತ್ತು. ಕೆಲಸ ಇರೋವರೆಗೆ ನಾನು ಬೇಕಾಗಿದ್ದೆ... ಕೆಲಸ ಮುಗೀತು."

ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿ ಮುಗಿಸಿದಳು.

ಅವನು ಕೈಯಲ್ಲಿದ್ದ ಚಹಾ ಕುಡಿಯಲಿಲ್ಲ. ಅದು ತಣ್ಣಗಾಯಿತು. ಒಂದು ಮಾತೂ ಆಡಲಿಲ್ಲ. ವಾಪಸ್ಸು ಬರುವಾಗಲೂ ಇಲ್ಲ.

'ಹೇಳಬಾರದಿತ್ತು,' ಅಂದುಕೊಂಡಳು. 'ಲಾರಿ ಓಡಿಸೋಕೆ ಕರೆದವರ ಮುಂದೆ ನನ್ನ ಗೋಳು ಯಾಕೆ ಬೇಕಿತ್ತು...'

ಆ ವಾರದ ಕೊನೆಗೆ ಅವನ ಫೋನ್ ಬಂತು.

"ಈ ಭಾನುವಾರ ಬರೋದು ಬೇಡ. ಸ್ವಲ್ಪ ಕೆಲಸ ಇದೆ ಲಾರಿಗೆ."

"ಕೆಲಸಕ್ಕೆ ಕೈ ಸೇರಿಸಬಹುದಲ್ಲ?"

"ಇಲ್ಲ... ಬೇಡ. ನಾನೇ ಹೇಳ್ತೀನಿ."

ಮುಂದಿನ ಭಾನುವಾರವೂ ಬೇಡ ಅಂದ. ಅದರ ಮುಂದಿನ ವಾರ ಫೋನೂ ಬರಲಿಲ್ಲ.

ಒಂದು ಸಂಜೆ ಅವಳು ಬಸ್ಸು ಓಡಿಸಿಕೊಂಡು ಬರುವಾಗ ಎದುರಿನಿಂದ ಹಸಿರು ಮೂತಿಯ ಲಾರಿ ಬಂತು. ಸ್ಟೇರಿಂಗ್ ಹಿಡಿದಿದ್ದವನು ಅವನೇ. ಒಬ್ಬನೇ. ತಿರುವಿನಲ್ಲಿ ಗೇರ್ ಇಳಿಸಿದ. ಎಡಗಾಲು ಸಲೀಸಾಗಿ ಕೆಲಸ ಮಾಡುತ್ತಿತ್ತು. ಅವನು ಇವಳನ್ನು ನೋಡಲಿಲ್ಲ.

ಮರುದಿನ ವೆಲ್ಡರ್ ಅವಳ ಬಸ್ಸಿಗೇ ಹತ್ತಿದ.

"ಗೊತ್ತಾಗ್ಲಿಲ್ವಾ ತಾಯಿ? ಹೊಸ ಲಾರಿದು ಬೂಸ್ಟರ್ ತಂದು ದೊಡ್ಡಪ್ಪನ ಕ್ಲಚ್ಚಿಗೆ ಹಾಕಿದ್ವಿ. ಈಗ ಕ್ಲಚ್ ಹೂವಿನ ಥರ, ಬೆರಳಲ್ಲಿ ಒತ್ತಬಹುದು. ಇನ್ನು ಅವನಿಗೆ ಡ್ರೈವರ್ ಬೇಕಾಗಿಲ್ಲ."

ಪಾಪ, ಅವನು ಖುಷಿಯಲ್ಲೇ ಹೇಳಿದ. ಅವಳೂ "ಒಳ್ಳೇದಾಯ್ತು" ಅಂದಳು. ಮುಂದಿನ ಸ್ಟಾಪಿನಲ್ಲಿ ಯಾವತ್ತಿನಂತೆ ಬಸ್ಸು ನಿಲ್ಲಿಸಿದಳು, ಜನ ಇಳಿದರು, ಹತ್ತಿದರು. ಕನ್ನಡಿಯಲ್ಲಿ ಹಿಂದೆ ನೋಡಿ ಹೊರಟಳು.

'ಕೆಲಸ ಮುಗೀತು,' ಅಂತ ಒಳಗೆ ಯಾರೋ ಹೇಳಿದಂತಾಯಿತು. ಧ್ವನಿ ಅವಳದೇ.

*

ವರ್ಷಕ್ಕೊಮ್ಮೆ ಊರಾಚೆಯ ಬಯಲಿನಲ್ಲಿ ಹಳೇ ಲಾರಿಗಳ ಮೇಳ ನಡೆಯುತ್ತಿತ್ತು. ಅವತ್ತು ಬೆಳಿಗ್ಗೆ ಅವಳು ಅಕ್ಕನ ಮುಂದೆ ಕೂತು ಸುಮ್ಮನೆ ಗೋಡೆ ನೋಡುತ್ತಿದ್ದಳು.

"ಹೋಗ್ತೀಯಾ?" ಅಂದಳು ಅಕ್ಕ.

"ಕರೆದಿಲ್ಲ."

"ಕರೆದ್ರೆ ಮಾತ್ರ ಹೋಗೋದಾ?"

ಅವಳು ಗೋಡೆಯಿಂದ ಕಣ್ಣು ತೆಗೆದಳು.

"ಅಕ್ಕಾ, ಆ ಮನೆಯಿಂದ ಬರುವಾಗ ನಾನು ಒಂದು ಮಾತೂ ಆಡದೆ ಬಂದೆ. ಬಟ್ಟೆ ತುಂಬ್ಕೊಂಡೆ, ಬಂದೆ. ಎಲ್ರೂ ದೊಡ್ಡ ಗುಣ ಅಂದ್ರು. ಅದು ಗುಣ ಅಲ್ಲ ಕಣೇ. ಗಂಟಲಲ್ಲಿ ಇವತ್ತಿಗೂ ಚುಚ್ಚುತ್ತೆ."

"ಹಂಗಾದ್ರೆ ಹೋಗಿ ಬೈದು ಬಾ."

"ಬೈದೇ ಬರ್ತೀನಿ."

ಬಯಲಿನಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಹಾಲಿನ ಟ್ಯಾಂಕರ್, ಬೆಂಕಿ ಆರಿಸುವ ಲಾರಿ, ಮರ ಸಾಗಿಸುತ್ತಿದ್ದ ದೈತ್ಯ. ದೊಡ್ಡಪ್ಪ ಮಾತ್ರ ಕೊನೆಯಲ್ಲಿ, ಸಾಲಿನಿಂದ ಆಚೆ ನಿಂತಿದ್ದ. ಮೇಳ ನಡೆಸುವ ಸಂಘದ ಅಧ್ಯಕ್ಷರು ಕೆಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿ, ಸೊಂಟ ಹಿಡಿದುಕೊಂಡು ಮೇಲೆದ್ದರು.

"ಏನಯ್ಯಾ ಮಾಡಿಬಿಟ್ಟೆ? ಒಂದು ಬೋಲ್ಟ್ ಬೇರೆ ಕಂಪನಿದು ಅಂತ ನಿದ್ದೆ ಬಿಟ್ಟೋನು ನೀನು. ಲಾರಿ ಬೆನ್ನೆಲುಬು ಚಾಸಿ, ಅದಕ್ಕೇ ತೂತು ಹಾಕಿ ಬೂಸ್ಟರ್ ಕೂರಿಸಿದ್ದೀಯ. ಇದನ್ನ ಅಸಲಿ ಲಾರಿ ಅನ್ನೋಕಾಗಲ್ಲ ಇನ್ನು. ಯಾವತ್ತೂ ಆಗಲ್ಲ. ಸಾಲಿಗೆ ಸೇರಿಸಲ್ಲ ನಾನು."

"ಗೊತ್ತು ಸಾರ್," ಅಂದ ಕನ್ನಡಕದವನು.

"ಗೊತ್ತಿದ್ದೂ ಮಾಡಿದ್ಯಾ?"

"ಹೌದು ಸಾರ್."

ಅಧ್ಯಕ್ಷರು ತಲೆಯಾಡಿಸುತ್ತ ಹೋದರು. ಅವನು ತಿರುಗಿದಾಗ ಅವಳು ನಿಂತಿದ್ದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಅರ್ಧ ಮರೆತುಹೋಗಿತ್ತು. ಉಳಿದರ್ಧವನ್ನು ಹೇಳಿದಳು.

"ನನ್ನ ಅಗತ್ಯ ಮುಗಿದಿದ್ರೆ ಮುಖ ನೋಡಿ ಹೇಳಬೇಕಿತ್ತು. ಫೋನಲ್ಲಿ ಬರೋದು ಬೇಡ ಬರೋದು ಬೇಡ ಅಂತ... ನಾನೇನು ಬಾಡಿಗೆ ಗಾಡಿನಾ? ನಿಮ್ಮ ಮುಂದೆ ನನ್ನ ಕಥೆ ಹೇಳಿದ್ದೆ. ಆಮೇಲೂ ನೀವು ಅದನ್ನೇ ಮಾಡಿದ್ರಿ."

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡ.

"ಅವತ್ತು ಗುಡ್ಡದ ಮೇಲೆ ನಿಮ್ಮನ್ನ ಒಂದು ಮಾತು ಕೇಳಬೇಕು ಅಂತಲೇ ಬಂದಿದ್ದೆ. ನನ್ನನ್ನ ಮದುವೆ ಆಗ್ತೀರಾ ಅಂತ. ವೆಲ್ಡರನ್ನ ಬರಬೇಡ ಅಂದಿದ್ದೂ ನಾನೇ. ಅಷ್ಟರಲ್ಲಿ ನೀವು ನಿಮ್ಮ ಕಥೆ ಹೇಳಿದ್ರಿ."

ಅವಳು ಲಾರಿಯ ಬಾಗಿಲಿಗೆ ಕೈಯೂರಿದಳು.

"ಆಮೇಲೆ ಹೇಗೆ ಕೇಳ್ಲಿ? ಇವನಿಗೆ ಕಾಲು ಸರಿ ಇಲ್ಲ, ಲಾರಿ ಓಡಿಸೋಕೆ ಒಬ್ಬಳು ಬೇಕು, ಅದಕ್ಕೆ ಕೇಳ್ತಿದ್ದಾನೆ ಅಂತ ನಿಮಗೆ ಅನ್ನಿಸ್ತಿರಲಿಲ್ವಾ?"

"ಅನ್ನಿಸ್ತಿತ್ತು," ಅಂದಳು ಅವಳು.

"ನಿಜ ಹೇಳ್ಬೇಕಂದ್ರೆ ನನಗೇ ಅನುಮಾನ ಬಂತು. ಹಾಗೇ ಇರಬಹುದಾ ಅಂತ. ಅದಕ್ಕೆ ಕ್ಲಚ್ ಹಗುರ ಮಾಡಿಸ್ದೆ. ಒಬ್ಬನೇ ಓಡಿಸಿ ನೋಡ್ದೆ. ಲಾರಿ ಚೆನ್ನಾಗೇ ಹೋಯ್ತು. ಅದಕ್ಕೆ ಯಾರೂ ಬೇಕಾಗಿಲ್ಲ." ಅವನು ಲಾರಿಯ ಎಡಗಡೆಯ ಬಾಗಿಲಿನತ್ತ ನೋಡಿದ. "ನನಗೆ ಪಕ್ಕದ ಖಾಲಿ ಸೀಟು ನೋಡೋಕಾಗ್ಲಿಲ್ಲ. ಇವತ್ತು ಮೇಳ ಮುಗಿಸಿ ನಿಮ್ಮನೆಗೆ ಬರೋನಿದ್ದೆ."

ಗಾಳಿಗೆ ಧೂಳೆದ್ದಿತು. ದೂರದಲ್ಲಿ ಯಾರೋ ಹಳೇ ಹಾರ್ನ್ ಒತ್ತಿ ನೋಡುತ್ತಿದ್ದರು.

"ಇಷ್ಟನ್ನ ಬಾಯಿಬಿಟ್ಟು ಹೇಳೋಕೆ ಚಾಸಿಗೆ ತೂತು ಹಾಕ್ಬೇಕಿತ್ತಾ?"

"ಹೇಳಿದ್ರೆ ನೀವು ಹಾಕೋಕೆ ಬಿಡ್ತಿರಲಿಲ್ಲ."

"ಖಂಡಿತ ಬಿಡ್ತಿರಲಿಲ್ಲ."

ಅವಳು ಬಗ್ಗಿ ಲಾರಿಯ ಅಡಿಗೆ ನೋಡಿದಳು. ನೋಡುವಂಥದ್ದು ಬಹಳವೇನಿರಲಿಲ್ಲ. ಆದರೆ ಕಣ್ಣು ಒರೆಸಿಕೊಳ್ಳಲು ಅಷ್ಟು ಹೊತ್ತು ಬೇಕಿತ್ತು.

"ತೂತು ಸೊಟ್ಟಗಿದೆ," ಅಂದಳು ಅಲ್ಲಿಂದಲೇ.

"ತಾಯಿ, ಅದು ನನ್ನ ಕೆಲಸ," ಅಂತ ಲಾರಿಯ ಆಚೆ ಬದಿಯಿಂದ ವೆಲ್ಡರನ ಧ್ವನಿ ಬಂತು. ಅವನು ಅಷ್ಟೂ ಹೊತ್ತು ಅಲ್ಲೇ ಕೂತಿದ್ದ. "ನಾನೇನೂ ಕೇಳಿಸ್ಕೊಂಡಿಲ್ಲ. ಚಹಾ ಕುಡಿಯೋಕೆ ಹೋಗ್ತಿದ್ದೀನಿ. ಮನೆಗೆ ಬಸ್ಸಲ್ಲಿ ಹೋಗ್ತೀನಿ."

ಅವನು ಹೋದ ಮೇಲೆ ಅವಳು ಎದ್ದು ಅಂಗೈಯ ಮಣ್ಣು ಕೊಡವಿಕೊಂಡಳು.

"ನಾನು ಕೆಲಸ ಬಿಡಲ್ಲ. ಬೆಳಗಿನ ಪಾಳಿ ಇದ್ರೆ ಮನೆಯಲ್ಲಿ ಯಾರಿಗೂ ಕಾಣಲ್ಲ ನಾನು."

"ನಾನು ಅಂಗಡಿ ತೆಗೆಯೋದು ತಡ. ತಿಂಡಿ ನಾನೇ ಮಾಡ್ತೀನಿ. ರುಚಿ ಬಗ್ಗೆ ಮಾತು ಕೊಡಲ್ಲ."

"ಅಕ್ಕನ ಮನೆಗೆ ಬಂದು ಕೇಳಿ. ಭಾವ ಕೆಮ್ತಾರೆ. ಅದು ಕೆಮ್ಮಲ್ಲ, ಮನಸ್ಸಿಗೆ ಹಚ್ಕೋಬೇಡಿ."

"ಈಗಲೇ ಹೋಗೋಣ್ವಾ?"

ಅವಳು ಅಭ್ಯಾಸದಂತೆ ಬಲಬದಿಗೆ ಹೊರಟವಳು ಮೂತಿಯ ಹತ್ತಿರ ನಿಂತಳು. ಆಮೇಲೆ ಸುತ್ತಿಕೊಂಡು ಹೋಗಿ ಎಡಗಡೆಯ ಬಾಗಿಲು ತೆಗೆದು ಹತ್ತಿ ಕೂತಳು. ಈ ಸೀಟಿನಲ್ಲಿ ಅವಳು ಯಾವತ್ತೂ ಕೂತಿರಲಿಲ್ಲ. ಕೈ ಎಲ್ಲಿಡಬೇಕೆಂದೇ ತಿಳಿಯದೆ ಮಡಿಲಲ್ಲಿಟ್ಟುಕೊಂಡಳು.

ಅವನು ಇಂಜಿನ್ ಚಾಲೂ ಮಾಡಿದ. ಆದರೆ ಹೊರಡಲಿಲ್ಲ.

"ನೀವು ಇನ್ನೂ ಹೂಂ ಅಂದಿಲ್ಲ," ಅಂದ ಆ ಸದ್ದಿನ ನಡುವೆ, ತುಸು ಜೋರಾಗಿ.

ಅವಳು ಮುಂದಿನ ಗಾಜಿನಾಚೆ ರಸ್ತೆ ನೋಡುತ್ತಿದ್ದಳು.

"ಹೂಂ," ಅಂದಳು. "ನಡಿ."

ಅವನಿಗೆ ಆ 'ನಡಿ' ಕೇಳಿಸಿತು. ಅಷ್ಟು ದಿನದ 'ನೀವು' ಎಲ್ಲಿ ಹೋಯಿತೆಂದು ಅವಳ ಕಡೆ ತಿರುಗಿದ.

"ಏನಂದೆ?"

"ರಸ್ತೆ ನೋಡು. ಸಾವಕಾಶ ಹೋಗೋಣ."