ಸೊಟ್ಟ ಮುಖದ ಜಗಳ

‘ಕೊಂದುಬಿಟ್ಟಿರಿ.’

ಅಷ್ಟೇ. ಗ್ರೂಪಿನಲ್ಲಿ ಎಲ್ಲರೂ ನನ್ನ ಕೆಲಸಕ್ಕೆ ಹಾರ್ಟ್ ಮೇಲೆ ಹಾರ್ಟ್ ಒತ್ತುತ್ತಿದ್ದರೆ ಆ ಮನುಷ್ಯ ಬರೆದದ್ದು ಒಂದೇ ಒಂದು ಪದ. ಮೊದಲಿನ ಫೋಟೋ, ಆಮೇಲಿನ ಫೋಟೋ ಎರಡನ್ನೂ ಅಕ್ಕಪಕ್ಕ ಇಟ್ಟು ಹಾಕಿದ್ದೆ. ಮೊದಲಿನದರಲ್ಲಿ ಸೊಟ್ಟ ಮುಖದ ಗೊಂಬೆಯ ತಲೆ. ಆಮೇಲಿನದರಲ್ಲಿ ಅದೇ ತಲೆ, ಗೆರೆ ಎಳೆದ ಹಾಗೆ ನೇರ. ಅದರ ಕೆಳಗೆ ಅವನ ಆ ಪದ.

ನನಗೆ ಮೈಯೆಲ್ಲ ಉರಿದುಹೋಯಿತು.

ನಮ್ಮದು ಗೊಂಬೆ ಹುಚ್ಚಿನವರ ಗ್ರೂಪು. ಮಕ್ಕಳಾಟದ ಗೊಂಬೆಯಲ್ಲ, ಕೀಲುಗೊಂಬೆ. ಮೊಣಕೈ, ಮಂಡಿ, ಕುತ್ತಿಗೆ ಎಲ್ಲ ಕಡೆ ಗುಂಡನೆಯ ಕೀಲು, ಒಳಗೆ ಎಲಾಸ್ಟಿಕ್ ದಾರ. ಕೂರಿಸಿದರೆ ಕೂರುತ್ತದೆ, ತಲೆ ತಗ್ಗಿಸಿದರೆ ತಗ್ಗಿಸಿಕೊಂಡೇ ಇರುತ್ತದೆ. ರೆಸಿನ್‌ನಲ್ಲಿ ಎರಕ ಹೊಯ್ದ ತಲೆ ಅಚ್ಚಿನಿಂದ ಬೋಳಾಗಿ, ಬಿಳಿಚಿಕೊಂಡು ಬರುತ್ತದೆ. ಅದಕ್ಕೆ ಹುಬ್ಬು, ರೆಪ್ಪೆ, ತುಟಿಯ ಕೆಂಪು ಎಲ್ಲ ಬರೆಯುವವಳು ನಾನು. ಅಕ್ಕನ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯೇ ನನ್ನ ಕಾರ್ಖಾನೆ. ಅಕ್ಕ ಮುಂದೆ ಕೂತು ಮನುಷ್ಯರಿಗೆ ಬಟ್ಟೆ ಹೊಲಿಯುತ್ತಾಳೆ, ಉಳಿದ ಚೂರುಗಳಲ್ಲಿ ಗೊಂಬೆಗಳಿಗೆ.

ಅವನು ತಲೆಗಳನ್ನು ಕೆತ್ತಿ ಅಚ್ಚು ಮಾಡುವವನು. ಗ್ರೂಪಿನವರು ಅವನಿಗೆ ಮೌನಿಬಾಬಾ ಎಂದು ಹೆಸರಿಟ್ಟಿದ್ದಾರೆ. ತಿಂಗಳಿಗೊಮ್ಮೆ ಬೇಕರಿಯ ಮಹಡಿಯಲ್ಲಿ ನಾವೆಲ್ಲ ಸೇರಿದಾಗ ಮೂಲೆಯ ಕುರ್ಚಿ ಹಿಡಿದು, ಟೀ ಆರಿ ಕೆನೆ ಕಟ್ಟುವವರೆಗೂ ಕಪ್ಪನ್ನೇ ನೋಡುತ್ತಾ ಕೂರುವ ಆಸಾಮಿ. ನಾನು ತಲೆ ಎತ್ತಿದಾಗಲೆಲ್ಲ ಅವನ ಕಣ್ಣು ತಟ್ಟನೆ ಕಪ್ಪಿಗೆ ಇಳಿಯುತ್ತಿತ್ತು. ಅದನ್ನು ಗಮನಿಸಿರಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗೆ. ಗಮನಿಸಿದ್ದೆ. ಬೇಕೆಂದೇ ಒಂದೆರಡು ಸಲ ಹೆಚ್ಚಿಗೆ ತಲೆ ಎತ್ತುತ್ತಿದ್ದೆ.

ಅಂಥವನು ಬಾಯಿಬಿಟ್ಟು ನನಗೆ ಹೇಳಿದ ಮೊದಲ ಮಾತು ಇದು! ಅದೂ ಎಲ್ಲರೆದುರಿಗೆ!

“ಏನೇ ಅದು, ಮುಖ ಕೆಂಡ ಆಗಿದೆ?” ಅಕ್ಕ ಮಿಷನ್ ನಿಲ್ಲಿಸಿ ಕೇಳಿದಳು.

ಫೋನ್ ಹಿಡಿದು ತೋರಿಸಿದೆ. ಓದಿದವಳು ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು. ಆರಾಮಾಗಿ ನಗುವುದಕ್ಕೆ.

“ಪರವಾಗಿಲ್ವೇ! ಮೌನಿಬಾಬಾಗೆ ಮಾತು ಬರುತ್ತೆ!”

“ನಗಬೇಡಕ್ಕ. ಕೊಲೆಗಾರ್ತಿ ಅಂದಿದಾನೆ ನನ್ನ.”

“ಪಾಪ, ಬೇಜಾರಾಗಿರಬೇಕು ಕಣೆ.”

“ಬೇಜಾರು? ಸೊಟ್ಟಪಟ್ಟ ಎರಕ ಹೊಯ್ದು ಕೊಟ್ಟೋನು ಅವನು. ಕೂತು ಸರಿ ಮಾಡಿದೋಳು ನಾನು. ಬೇಜಾರು ಮಾತ್ರ ಅವನಿಗಂತೆ!”

ಆ ತಲೆಯನ್ನು ನನಗೆ ತಂದುಕೊಟ್ಟವರು ಹಲ್ಲಿನ ಡಾಕ್ಟರಮ್ಮ. ಅಡ್ಡಾದಿಡ್ಡಿ ಹಲ್ಲುಗಳಿಗೆ ತಂತಿ ಕಟ್ಟಿ ಸಾಲಿಗೆ ತರುವುದು ಅವರ ವೃತ್ತಿ, ಕೀಲುಗೊಂಬೆ ಕೂಡಿಡುವುದು ಅವರ ಪ್ರಾಣ. “ಹುಡುಗಿ ಚೆಲುವೆ ಕಣಮ್ಮ. ಆದ್ರೆ ತುಟಿ ನೋಡು, ಒಂದು ಕಡೆ ಏರಿಬಿಟ್ಟಿದೆ. ಒಂದು ಕಣ್ಣು ಸಣ್ಣ. ನನ್ನ ಕಪಾಟಿನಲ್ಲಿ ಇದನ್ನ ಇಟ್ರೆ ನಂಗೆ ಊಟ ಸೇರಲ್ಲ. ಸರಿ ಮಾಡಿ ಬಣ್ಣ ಹಾಕು,” ಎಂದಿದ್ದರು. ಹೊರಡುವಾಗ, “ನಿನ್ನ ಕೈಗೇ ಕೊಡಬೇಕು, ಬೇರೆಯವರ ಹತ್ತಿರ ಹೋಗಬಾರದು ಅಂತ ಷರತ್ತು ಹಾಕಿ ಕೊಟ್ಟಿದಾನೆ ಆ ಹುಡುಗ,” ಎಂದೂ ಸೇರಿಸಿದ್ದರು. ಆಗ ಆ ಮಾತಿಗೆ ನನ್ನ ಎದೆ ಸ್ವಲ್ಪ ಉಬ್ಬಿತ್ತು ಕೂಡ.

ಸೊಟ್ಟ ಮುಖದ ವಿಷಯಕ್ಕೆ ಬಂದರೆ ನಮ್ಮಲ್ಲಿ ಎರಡು ಪಕ್ಷ. ಕಣ್ಣಿಂದ ಕಣ್ಣಿಗೆ ಸ್ಕೇಲ್ ಹಿಡಿದು ನೋಡಿ, ಕೂದಲೆಳೆ ವ್ಯತ್ಯಾಸ ಕಂಡರೂ ವಾಪಸ್ ಕಳಿಸುವವರು ಒಂದು ಕಡೆ. ಉಸಿರಾಡುವ ಮುಖ ಯಾವುದಪ್ಪಾ ಸಮ ಇದೆ, ಎರಡೂ ಕಡೆ ಒಂದೇ ಥರ ಇದ್ದರೆ ಅದು ಸೋಪಿನ ಡಬ್ಬ ಎನ್ನುವವರು ಇನ್ನೊಂದು ಕಡೆ. ಇದೇ ಜಗಳದಲ್ಲಿ ಬೇಕರಿಯ ಮಹಡಿಯಲ್ಲಿ ಪ್ರಾಣಸ್ನೇಹಿತೆಯರು ಮಾತು ಬಿಟ್ಟಿದ್ದೂ ಉಂಟು.

ನಾನು ಸ್ಕೇಲಿನ ಪಕ್ಷ. ಯಾಕೆಂದರೆ ನನ್ನ ಮುಖವೇ ಸಮ ಇಲ್ಲ. ಅಕ್ಕನ ಮದುವೆಯಲ್ಲಿ ಫೋಟೋದವನು, “ಆ ಕಡೆ ಬೇಡ ಮೇಡಂ, ಈ ಕಡೆ ತಿರುಗಿ,” ಎಂದು ನೆಂಟರಿಷ್ಟರೆಲ್ಲರ ಮುಂದೆ ನನ್ನ ಗದ್ದ ಹಿಡಿದು ತಿರುಗಿಸಿದ. ಅವತ್ತಿನಿಂದ ಕೆನ್ನೆಯ ಮೇಲೆ ಕೂದಲು ಇಳಿಬಿಟ್ಟಿದ್ದೇನೆ. ಫೋಟೋ ಎಂದರೆ ಮುಖ ತಿರುಗಿಸುತ್ತೇನೆ, ನಗು ಬಂದರೆ ಕೈ ಅಡ್ಡ ಹಿಡಿಯುತ್ತೇನೆ. ನನ್ನ ಕೈ ದಾಟಿ ಹೋಗುವ ಯಾವ ಗೊಂಬೆಗೂ ಆ ಗತಿ ಬರಬಾರದು.

ಹಾಗಾಗಿ ಮಾಸ್ಕ್ ಕಟ್ಟಿಕೊಂಡು, ಬೋಗುಣಿಯ ನೀರಿನಲ್ಲಿ ಅದ್ದಿ ಅದ್ದಿ, ಏರಿದ್ದ ತುಟಿಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ಇಳಿಸಿದೆ. ದೊಡ್ಡ ಕಣ್ಣಿನ ಅಂಚಿಗೆ ಎಪಾಕ್ಸಿ ಹಿಟ್ಟು ಮೆತ್ತಿ ಎರಡನ್ನೂ ಒಂದೇ ಅಳತೆಗೆ ತಂದೆ. ಕೆಲಸಕ್ಕೆ ಮುಂಚೆ ತಲೆಯನ್ನು ಕನ್ನಡಿಗೆ ಹಿಡಿದು ನೋಡುವುದು ನಮ್ಮಲ್ಲಿ ರೂಢಿ. ನೋಡಿ ನೋಡಿ ಕಣ್ಣಿಗೆ ಒಗ್ಗಿಹೋದ ಓರೆ ಕನ್ನಡಿಯಲ್ಲಿ ಎದ್ದು ಕಾಣುತ್ತದೆ. ಆದರೆ ಇದರ ಓರೆ ಬಾಗಿಲಿಂದಲೇ ಕಾಣುತ್ತಿತ್ತು. ಕನ್ನಡಿಯ ಕಡೆ ನಾನು ತಿರುಗಲೇ ಇಲ್ಲ.

ಮಧ್ಯಾಹ್ನ ಅಂಗಡಿಯ ಬಾಗಿಲು ಕಿರುಗುಟ್ಟಿತು. “ಒಳಗಿದಾಳೆ, ಹೋಗಿ. ಹುಷಾರು,” ಎಂದು ಅಕ್ಕ ಯಾರಿಗೋ ಹೇಳಿದ್ದು ಕೇಳಿಸಿತು.

ಅವನೇ. ಉಗುರ ಸಂದಿಯಲ್ಲಿ ಒಣಗಿದ ಜೇಡಿ, ಕಂಕುಳಲ್ಲಿ ಒಂದು ಶೂ ಡಬ್ಬ. ಕಿವಿ ಕೆಂಪಗಾಗಿತ್ತು. ಅವನಿಗೂ ಸಿಟ್ಟು ಬಂದಿದೆ ಎಂದು ಕಂಡು ನನಗೆ ಯಾಕೋ ಖುಷಿಯಾಯಿತು.

“ಬನ್ನಿ ಬನ್ನಿ. ಹೆಣ ನೋಡೋಕೆ ಬಂದ್ರಾ? ಅದು ಆಗಲೇ ಡಾಕ್ಟರಮ್ಮನ ಕಪಾಟು ಸೇರಿತು.”

“ಉಜ್ಜೋ ಮುಂಚೆ ಒಂದು ಮಾತು ಕೇಳಬಹುದಿತ್ತು.”

“ಗೊಂಬೆ ಡಾಕ್ಟರಮ್ಮಂದು. ಅವರು ಹೇಳಿದ್ರು, ಮಾಡಿದೆ. ನಿಮ್ಮ ಎರಕ ಸೊಟ್ಟ ಬಂದ್ರೆ ನಾನೇನ್ರೀ ಮಾಡ್ಲಿ?”

“ಎರಕ ಸರಿಯಾಗೇ ಬಂದಿತ್ತು. ನಾನು ಕೆತ್ತಿದ್ದೇ ಹಾಗೆ.”

“ಬೇಕಂತ?”

“ಬೇಕಂತ. ಆ ತುಟಿ ಒಂದಕ್ಕೇ ಚಳಿಗಾಲ ಪೂರ್ತಿ ಹಿಡೀತು.”

“ಹಾಗಾದ್ರೆ ಚಳಿಗಾಲ ಪೂರ್ತಿ ದಂಡ ಮಾಡಿದ್ದೀರಿ. ಅಂಥ ಮುಖ ಯಾರಿಗೆ ಬೇಕು? ಕಪಾಟಿನಲ್ಲಿ ಗೋಡೆ ಕಡೆ ತಿರುಗಿಸಿ ಇಡೋಕಾ?”

“ನನಗೆ ಬೇಕು,” ಎಂದ.

ಮುಂದಿನ ಕೋಣೆಯಲ್ಲಿ ಮಿಷನ್ ತಟ್ಟನೆ ನಿಂತಿತು. ಅಕ್ಕ ಕಿವಿ ಇತ್ತ ಕೊಟ್ಟಿದ್ದಾಳೆ ಎಂದು ಅರ್ಥ.

ಅವನು ಡಬ್ಬ ತೆರೆದ. ಹತ್ತಿಯ ಮೇಲೆ ಅದೇ ಅಚ್ಚಿನ ಇನ್ನೊಂದು ತಲೆ, ಬಣ್ಣವಿಲ್ಲದ್ದು, ಅದೇ ಸೊಟ್ಟ ತುಟಿ.

“ಕನ್ನಡಿಗೆ ಹಿಡಿದು ನೋಡಿದ್ರಾ ಅದನ್ನ? ಯಾವಾಗಲೂ ಹಿಡೀತೀರಲ್ಲ ನೀವು.”

“ಈ ಚೆಂದಕ್ಕೆ ಕನ್ನಡಿ ಬೇರೆ ಕೇಡು.”

“ಈಗ ಹಿಡೀರಿ. ಒಂದೇ ಸಲ. ಆಮೇಲೆ ನಾನು ಹೊರಟೆ.”

ತೊಲಗಲಿ ಎಂದು ತಲೆಯನ್ನು ಎತ್ತಿಕೊಂಡು ಗೋಡೆಯ ಕನ್ನಡಿಗೆ ಹಿಡಿದೆ. ಫ್ಯಾನಿನ ಗಾಳಿಗೆ ನನ್ನ ಕೂದಲು ಪಕ್ಕಕ್ಕೆ ಸರಿದಿತ್ತು. ಕನ್ನಡಿಯಲ್ಲಿ ಕೆಳಗೆ ಆ ಮುಖ, ಮೇಲೆ ಸಿಟ್ಟಿನಲ್ಲಿ ತುಟಿ ಏರಿಸಿಕೊಂಡು ನಿಂತ ನನ್ನ ಮುಖ.

ಎರಡೂ ಒಂದೇ.

ಎಡಗಡೆಗೆ ಏರಿದ ತುಟಿ. ತುಸು ಸಣ್ಣ ಎಡಗಣ್ಣು. ಬೆಳಿಗ್ಗೆ ಹಲ್ಲುಜ್ಜುವಾಗ ದಿನಾ ನೋಡುವ ಮುಖ. ನನ್ನನ್ನು ನಾನು ಕಂಡಿರುವುದೆಲ್ಲ ಕನ್ನಡಿಯೊಳಗೆ, ಎಡಬಲ ಮಗುಚಿ. ಎದುರಿಗೆ ಕೂತವರಿಗೆ ಕಾಣುವವಳನ್ನು ನಾನು ನೋಡಿಯೇ ಇರಲಿಲ್ಲ. ಮೇಜಿನ ಮೇಲಿಂದ ಅವಳೇ ಗೊಂಬೆಯಾಗಿ ನನ್ನನ್ನು ನೋಡುತ್ತಿದ್ದಾಗ ಯಾರೋ ಅಪರಿಚಿತಳು, ಕೆಟ್ಟುಹೋದ ಎರಕ ಎಂದುಕೊಂಡೆ. ನೀರಿನಲ್ಲಿ ಅದ್ದಿ ಅದ್ದಿ, ಅಷ್ಟು ಶ್ರದ್ಧೆಯಿಂದ, ನನ್ನನ್ನೇ ಉಜ್ಜಿ ಹಾಕಿದ್ದೆ.

ಕಣ್ಣು ತುಂಬಿ ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು.

“ಮಾರಿದ್ಯಾ? ನನ್ನ ಮುಖಾನ ಮಾರಿಬಿಟ್ಯಾ ನೀನು?” ನೀವು, ರೀ, ಎಲ್ಲ ಗಾಳಿಗೆ ಹೋಗಿತ್ತು.

“ಮಾರಿಲ್ಲ. ಹಾಗೇ ಕೊಟ್ಟೆ. ನಿಮ್ಮ ಮೇಜಿನ ತನಕ ತಲುಪಿಸೋಕೆ ಅವರು ಬಿಟ್ರೆ ಯಾರಿದ್ರು? ನೀವು ಕನ್ನಡಿಗೆ ಹಿಡೀತೀರಿ, ಗೊತ್ತಾಗುತ್ತೆ, ಆಮೇಲೆ...”

“ಆಮೇಲೆ?”

“ನೀವೇ ಬಂದು ಕೇಳ್ತೀರಿ ಅಂದ್ಕೊಂಡೆ.”

“ನಾನು ಕೇಳಬೇಕಾ? ನಿನಗೆ ಬಾಯಿಲ್ವಾ? ಡಾಕ್ಟರಮ್ಮನ ಬ್ಯಾಗಲ್ಲಿ ಹತ್ತಿ ಸುತ್ತಿ ಕಳಿಸೋ ಮಾತಾ ಇದು?”

“ಕಳಿಸಿದೆ. ನೀವು ಉಜ್ಜಿ ನೇರ ಮಾಡಿ ಫೋಟೋ ಹಾಕಿದ್ರಿ.” ಡಬ್ಬದ ಹತ್ತಿಯನ್ನು ಬೆರಳಲ್ಲಿ ಒತ್ತಿದ. “ಉತ್ತರ ಸಿಕ್ತು ಅಂದ್ಕೊಂಡೆ.”

“ಉತ್ತರ ಎಲ್ಲಿಂದ ಬರುತ್ತೆ? ನನಗೆ ಪ್ರಶ್ನೆನೇ ಗೊತ್ತಿರಲಿಲ್ಲ!”

“ಪ್ರಶ್ನೆ ಏನು ಅಂತ ಇನ್ನೂ ಯಾರೂ ಹೇಳೇ ಇಲ್ಲ!” ಮುಂದಿನ ಕೋಣೆಯಿಂದ ಅಕ್ಕನ ದನಿ.

“ಅಕ್ಕ, ಮಿಷನ್ ಹಾಕು!”

ಮಿಷನ್ ಗಡಗಡ ಓಡಿತು. ಬಟ್ಟೆ ಇಲ್ಲದೆ ಓಡುವ ಮಿಷನ್ನಿನ ಸದ್ದು ನನಗೆ ಚೆನ್ನಾಗಿ ಗೊತ್ತು.

“ಕೇಳು,” ಎಂದೆ. ಈಗ ನನ್ನ ದನಿ ಏರಲಿಲ್ಲ, ಅದಕ್ಕೇ ಇನ್ನಷ್ಟು ಉರಿಯುತ್ತಿತ್ತು. “ಈ ಕಡೆಗೆ ನಾನು ಕೂದಲು ಬಿಟ್ಟಿರೋದು ಶೋಕಿಗಲ್ಲ. ಮುಚ್ಚಿಕೊಳ್ಳೋಕೆ. ನೀನು ಅದನ್ನ ಕದ್ದು ನೋಡಿ, ಕೆತ್ತಿ, ಎರಕ ಹೊಯ್ದು ಊರವರ ಕೈಗೆ ಕೊಟ್ಟೆ. ಫೋಟೋದವನು ನನ್ನ ಗದ್ದ ಹಿಡಿದು ಆ ಕಡೆ ತಿರುಗಿಸಿದ. ನೀನು ಈ ಕಡೆ ತಿರುಗಿಸಿದೆ. ಇಬ್ಬರೂ ನನ್ನ ಕೇಳಲಿಲ್ಲ.”

ಅವನು ಹೊಡೆತ ತಿಂದವನ ಹಾಗೆ ನಿಂತ. ಸಿಟ್ಟೆಲ್ಲ ಇಳಿದುಹೋಗಿ ಕಿವಿ ಬಿಳಿಚಿಕೊಂಡಿತು.

“ತಪ್ಪಾಯ್ತು,” ಎಂದ. “ಇದು ನನಗೆ ಹೊಳೀಲೇ ಇಲ್ಲ. ನನಗೆ ಅಷ್ಟು ಇಷ್ಟ ಆಗಿತ್ತು, ನಿಮಗೆ ಅದು ನೋವು ಅಂತ ಹೊಳೀಲೇ ಇಲ್ಲ. ಅಚ್ಚು ಕತ್ತರಿಸಿ ಹಾಕ್ತೀನಿ. ಈ ತಲೆ ನಿಮ್ಮದು. ಉಜ್ಜೋದಾದ್ರೆ ಉಜ್ಜಿ.”

ಖಾಲಿ ಡಬ್ಬಕ್ಕೆ ಮುಚ್ಚಳ ಹಾಕಿ ತಿರುಗಿದ. ಹೋಗಲಿ ಎಂದುಕೊಂಡೆ. ಕೈಯಲ್ಲಿ ಆ ತಲೆ ಇನ್ನೂ ಇತ್ತು, ನನ್ನ ಹೆಬ್ಬೆರಳು ಅದರ ಏರಿದ ತುಟಿಯ ಮೇಲೆ. ಎಷ್ಟು ನಯವಾಗಿ ಏರಿಸಿದ್ದ! ಒಂದು ಒರಟು ಗೆರೆ ಇಲ್ಲ. ಬೇಡದ್ದನ್ನು ಯಾರೂ ಹೀಗೆ ಕೆತ್ತುವುದಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಡಾಕ್ಟರಮ್ಮ. ಒಂದು ಕೈಯಲ್ಲಿ ತಲೆ ಇದ್ದುದರಿಂದ ಸ್ಪೀಕರ್ ಒತ್ತಿದೆ.

“ಬಹಳ ಚೆನ್ನಾಗಿ ಮಾಡಿದ್ದೀಯ ಕಣಮ್ಮ, ತಂತಿ ಬಿಚ್ಚಿದ ಹಲ್ಲಿನ ಹಾಗೆ ಸಾಲಾಗಿದೆ. ಆದ್ರೆ ಯಾಕೋ... ಮುಂಚೆ ಈಗಲೋ ಆಗಲೋ ಬೈದುಬಿಡ್ತಾಳೆ ಅನ್ನೋ ಹಾಗಿದ್ಲು. ಈಗ ಸುಮ್ಮನೆ ಕೂತಿದಾಳೆ. ನನ್ನ ನೋಡೋದೇ ಇಲ್ಲ. ಮತ್ತೆ ಮುಂಚಿನ ಥರ ಮಾಡೋಕಾಗುತ್ತಾ?”

“ಆಗಲ್ಲ,” ಎಂದೆ. “ಉಜ್ಜಿದ್ದು ಹೋಯ್ತು.”

ಫೋನ್ ಇಟ್ಟೆ. ಅವನು ಬಾಗಿಲ ಚೌಕಟ್ಟು ಹಿಡಿದು ಇನ್ನೂ ಅಲ್ಲೇ ನಿಂತಿದ್ದ.

“ನಿಂತ್ಕೋ,” ಎಂದು ಗದರಿದೆ. “ಹೇಳು ಈಗ. ಗೊಂಬೆ ಇಲ್ಲದೆ, ಡಾಕ್ಟರಮ್ಮ ಇಲ್ಲದೆ. ನಿನ್ನ ಬಾಯಲ್ಲಿ.”

ಅವನ ಕಣ್ಣು ಅಭ್ಯಾಸಬಲದಿಂದ ಕಪ್ಪನ್ನು ಹುಡುಕಿತು. ನನ್ನ ಮೇಜಿನ ಮೇಲೆ ಬಣ್ಣದ ನೀರಿನ ಲೋಟ ಇತ್ತು. ಅದನ್ನು ತೆಗೆದು ಹಿಂದಕ್ಕೆ ಇಟ್ಟೆ.

“ನೀವು ತಲೆ ಎತ್ತಿದ ಕೂಡಲೇ ಟೀ ನೋಡಿ ನೋಡಿ ಸಾಕಾಗಿದೆ,” ಎಂದ. “ನನಗೆ ನೀವಂದ್ರೆ ಇಷ್ಟ. ಇನ್ನು ಮೇಲೆ ನಿಮ್ಮನ್ನೇ ನೋಡ್ತೀನಿ. ನೋಡಬಹುದಾ?”

ಕೇಳಿದ. ಈ ಮುಖಕ್ಕೆ ಮೊದಲ ಬಾರಿಗೆ ಯಾರೋ ಅಪ್ಪಣೆ ಕೇಳಿದರು.

ಅಕ್ಕ ಬಟ್ಟೆಗೆ ಹಾಕುವ ಕ್ಲಿಪ್ಪೊಂದು ಮೇಜಿನ ಮೇಲಿತ್ತು. ಕೂದಲನ್ನು ಪೂರ್ತಿ ಎತ್ತಿ ಅದನ್ನೇ ಸಿಕ್ಕಿಸಿದೆ. ಕಿವಿಗೆ, ಕೆನ್ನೆಗೆ ತಣ್ಣಗೆ ಗಾಳಿ ತಾಗಿತು. ಸ್ಟೂಲ್ ಎಳೆದು ಅವನಿಗೆ ನೇರ ಎದುರಾಗಿ ಕೂತೆ.

“ಜೇಡಿ ಇದೆಯಾ?”

“ಬ್ಯಾಗಲ್ಲಿದೆ.”

“ಹೊಸದು ಮಾಡು. ಕದ್ದು ನೋಡಿ ಮಾಡಿದ್ದು ತಪ್ಪು ತಪ್ಪಾಗಿದೆ. ನನ್ನ ಎಡಗಣ್ಣು ಅಷ್ಟೊಂದು ಸಣ್ಣ ಇಲ್ಲ.”

“ಇದೆ.”

“ಇಲ್ಲ.”

“ಸಿಟ್ಟು ಬಂದಾಗ ಇದೆ. ಈಗ ನೋಡಿ.”

ನನಗೆ ಮತ್ತೆ ಉರಿಯಿತು. ಅವನು ಸಮಾಧಾನವಾಗಿ ಜೇಡಿ ನಾದಿ, ಉಂಡೆ ಕಟ್ಟಿ, ನನ್ನನ್ನು ನೋಡಿದ. ಕಪ್ಪಿಲ್ಲ, ಟೀ ಇಲ್ಲ, ಕಣ್ಣು ಇಳಿಸುವುದಕ್ಕೆ ಜಾಗವೇ ಇಲ್ಲ. ಹಾಗೆ ನೋಡಿಸಿಕೊಳ್ಳುವುದು ಸುಲಭದ ಕೆಲಸವಲ್ಲ. ಕೂದಲಿಗೆ ಕೈ ಹೋಗದಂತೆ ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿಟ್ಟುಕೊಂಡೆ. ಗ್ರೂಪಿನಲ್ಲಿ ಬರೆದದ್ದಕ್ಕೆ ಬೈದೆ, ಚಳಿಗಾಲಕ್ಕೆ ಬೈದೆ, ಆರಿದ ಟೀಗೆಲ್ಲ ಲೆಕ್ಕ ಹಿಡಿದು ಬೈದೆ. ಅವನು ಹೂಂ ಹೂಂ ಎನ್ನುತ್ತಾ ತುಟಿ ತಿದ್ದುತ್ತಿದ್ದ.

ಸ್ವಲ್ಪ ಹೊತ್ತಿಗೆ ಕೈ ನಿಲ್ಲಿಸಿದ. “ತುಟಿ ಇಳೀತಾ ಇದೆ. ಇನ್ನೊಂಚೂರು ಬೈಯಿರಿ.”

ಹುಡುಕಿದೆ. ಒಂದು ಬೈಗುಳವೂ ಉಳಿದಿರಲಿಲ್ಲ. ಎಲ್ಲ ಖರ್ಚಾಗಿತ್ತು. ನಗು ನುಗ್ಗಿಕೊಂಡು ಬಂತು, ಅದರ ಹಿಂದೆಯೇ ಕೈಯೂ ಬಾಯಿಗೆ ಬಂತು.

“ಕೈ ತೆಗೀತೀರಾ?” ಎಂದು ಕೇಳಿದ.

ತೆಗೆದೆ.

ಅವನು ಜೇಡಿಯನ್ನು ಮರೆತು ನೋಡುತ್ತಾ ಕೂತ. “ನಕ್ಕರೂ ಅದೇ ಕಡೆಗೇ ಏರುತ್ತೆ,” ಎಂದ ಮೆಲ್ಲಗೆ.

“ಗೊತ್ತು. ಕೆಲಸ ನೋಡು,” ಎಂದು ಗದರಿದೆ.

ನನಗೆ ಗೊತ್ತಿರಲಿಲ್ಲ.